ಪಾರ್ಲಿಮೆಂಟು: ಮಾತಿನ ಮನೆ

ಕೂಡ್ಲಿಗಿ, ಕೊಟ್ಟೂರು ಸೀಮೆಯ ಹಳ್ಳಿಗಳಲ್ಲಿ,
ಸಂಜೆ ಅರಳಿಕಟ್ಟೆಯ ಮೇಲೆ ಹಿರಿಯರು ಕೂಡಿ
ಕೆರೆಯ ನೀರಿನ ಮಾತನ್ನಾಡುವುದಕ್ಕೂ
ದಿಲ್ಲಿಯ ಪಾರ್ಲಿಮೆಂಟಿಗೂ ಇರುವ ನಂಟನ್ನು ಬಲ್ಲಿರಾ?

ಫ್ರೆಂಚಿನಲ್ಲಿ ‘ಪಾರ್ಲೆ’ ಎಂದರೆ ಮಾತನಾಡು.
ಆ ಮೂಲದಿಂದ ಜನಿಸಿ,
13ನೆಯ ಶತಮಾನದ ಇಂಗ್ಲೆಂಡಿನಲ್ಲಿ
ಅರಸನೊಡನೆ ನಡೆಯುವ ಸಮಾಲೋಚನೆಗೆ ಹೆಸರಾದ ಪದವೇ
ಪಾರ್ಲಿಮೆಂಟು.

ನಮ್ಮ ‘ಸಂಸತ್ತಿ’ನ ಹುಟ್ಟು ಬೇರೆ:
‘ಸಂ’ ಎಂದರೆ ಕೂಡಿ,
‘ಸದ್’ ಎಂದರೆ ಕುಳಿತುಕೊಳ್ಳು;
ಸದನ, ಸದಸ್ಯ ಎಂಬುವೂ ಇದೇ ಧಾತುವಿನ ಕುಡಿಗಳು.

ಒಂದು ಪದ ಮಾತನ್ನು ನೆನೆಯಿತು,
ಇನ್ನೊಂದು ಆಸನವನ್ನು;
ನಮ್ಮ ಕಟ್ಟೆಯಾದರೋ ಎರಡಕ್ಕೂ ಎಡೆಗೊಟ್ಟಿತು.

ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯ ಮತದಾರರು ಬಳ್ಳಾರಿ ಕ್ಷೇತ್ರದಿಂದಲೂ,
ಹರಪನಹಳ್ಳಿಯವರು ದಾವಣಗೆರೆಯಿಂದಲೂ
ಲೋಕಸಭೆಗೆ ಪ್ರತಿನಿಧಿಯನ್ನು ಕಳುಹಿಸುವರು.
ಅವರು ಅಲ್ಲಿ ಕುಳಿತು
ನಮಗಾಗಿ ಏನು ಮಾತನಾಡಿದರೆಂದು ಕೇಳುವುದು
ನಮ್ಮೆಲ್ಲರ ಧರ್ಮ.