ಮಂಗಳನ ಮರೆಯಲ್ಲಿ ಮಂಗಳಯಾನ

ಔರಾದಿನ ಭಕ್ತರೊಬ್ಬರ ಮನೆಯಂಗಳದಲ್ಲಿ ಒಂದಿರುಳು ಪ್ರಸಾದವಾದ ಬಳಿಕ ಕುಳಿತಿದ್ದೆವು. ವಿದ್ಯುತ್ ಹೋಗಿದ್ದರಿಂದ ಆಕಾಶ ತಿಳಿಯಾಗಿ ಕಾಣುತ್ತಿತ್ತು. ಕೆಂಪಗೆ ನಿಂತಿದ್ದ ಮಂಗಳನನ್ನು ತೋರಿಸಿ, ನಮ್ಮ ದೇಶದ ನೌಕೆ ಅಲ್ಲಿಯವರೆಗೂ ಹೋಗಿದೆಯೆಂದೆ. ಮನೆಯ ಹುಡುಗನೊಬ್ಬ ಕೇಳಿದ: "ಮುತ್ಯಾ, ಅದರಾಗ ಮನಷ್ಯಾರೇ ಇಲ್ಲಂದ್ರ ದಾರಿ ಯಾರು ಹೇಳ್ತಾರ?"

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ.

2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಮಂಗಳಯಾನವು ಡಿಸೆಂಬರ್ 1ರಂದು ಭೂಮಿಯ ಕಕ್ಷೆಯನ್ನು ತೊರೆಯಿತು. ಆಮೇಲೆ ಅದರ ಮುಖ್ಯ ಎಂಜಿನ್ ಸುಮಾರು 300 ದಿನ ಉರಿಯದೆ ಸುಮ್ಮನಿತ್ತು. ಮಂಗಳನ ಬಳಿ ಬಂದಾಗ ಅದೇ ಎಂಜಿನ್ ಉರಿದು ವೇಗವನ್ನು ತಗ್ಗಿಸಬೇಕು. ತಪ್ಪಿದರೆ ನೌಕೆ ಗ್ರಹವನ್ನು ದಾಟಿ ಹೋಗಿಬಿಡುವುದು. ಮಳೆಗಾಲವೆಲ್ಲ ನಿಲ್ಲಿಸಿದ್ದ ಪಂಪ್‌ಸೆಟ್ಟನ್ನು ಹಿಂಗಾರಿಗೆ ಮೊದಲ ಸಲ ಚಾಲೂ ಮಾಡುವ ಭಾಲ್ಕಿಯ ರೈತನಿಗೆ ಈ ಆತಂಕ ಹೊಸದಲ್ಲ. ಆದರೆ ಅವನು ಪಂಪಿನ ಬಳಿಯಲ್ಲೇ ನಿಂತಿರುತ್ತಾನೆ!

ನೌಕೆಯೋ 21 ಕೋಟಿ ಕಿಲೋಮೀಟರಿಗೂ ದೂರದಲ್ಲಿತ್ತು. ರೇಡಿಯೋ ಸಂಕೇತ ಅಲ್ಲಿಗೆ ತಲುಪಲು ಸುಮಾರು 12 ನಿಮಿಷ, ಮರಳಲು ಮತ್ತೆ ಅಷ್ಟೇ. ಆಪತ್ತಿನ ಸುದ್ದಿ ಬರುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಆದ್ದರಿಂದ ಆಜ್ಞೆಗಳನ್ನೆಲ್ಲ ಮುಂಚಿತವಾಗಿಯೇ ಕಳುಹಿಸಿ ನೌಕೆಯ ಸ್ಮೃತಿಯಲ್ಲಿ ಇರಿಸಿದರು. ಹೊತ್ತು ನೋಡಿಕೊಂಡು ಅದು ತಾನೇ ತಿರುಗಬೇಕು, ತಾನೇ ಎಂಜಿನ್ ಹೊತ್ತಿಸಬೇಕು. ಎಲ್ಲರೂ 450 ಕೋಟಿ ರೂಪಾಯಿಯ ಮಿತವ್ಯಯವನ್ನೇ ಹೊಗಳಿದರು. ನನಗೆ ಈ ಸ್ವಯಂಬುದ್ಧಿಯ ಶಿಕ್ಷಣವೇ ಹೆಚ್ಚಿನದೆಂದು ತೋರುತ್ತದೆ.

2014ರ ಸೆಪ್ಟೆಂಬರ್ 22ರಂದು ಎಂಜಿನ್ನನ್ನು ನಾಲ್ಕು ಸೆಕೆಂಡು ಮಾತ್ರ ಉರಿಸಿ ಪರೀಕ್ಷಿಸಿದರು, ಉರಿಯಿತು. ಅದು ಕೈಕೊಟ್ಟರೆ ಎಂಟು ಸಣ್ಣ ಎಂಜಿನ್‌ಗಳಿಂದ ಕೆಲಸ ನಡೆಸುವ ಯೋಜನೆಯೂ ಸಿದ್ಧವಿತ್ತು. 24ರಂದು ಬೆಳಗಿನ 7 ಗಂಟೆಯ ನಂತರ ಎಂಜಿನ್ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿನಲ್ಲೇ ನೌಕೆ ಮಂಗಳನ ಹಿಂದೆ ಮರೆಯಾಗಿ ಸಂಕೇತ ನಿಂತುಹೋಯಿತು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಕಾಯುವುದರ ಹೊರತು ಬೇರೆ ಕೆಲಸವಿರಲಿಲ್ಲ. ಎಂಟು ಗಂಟೆಯ ಸುಮಾರಿಗೆ ಸುದ್ದಿ ಬಂದಿತು: ಎಂಜಿನ್ ಸುಮಾರು 23 ನಿಮಿಷ ಉರಿದಿತ್ತು, ನೌಕೆ ಕಕ್ಷೆ ಸೇರಿತ್ತು.

ಈ ವಿದ್ಯೆಯ ಬೇರು ನಮ್ಮ ನಾಡಿನಲ್ಲೇ ಇದೆ. ಉಡುಪಿ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಅಮೆರಿಕೆಯಲ್ಲಿದ್ದಾಗ, 1962ರಲ್ಲಿ ಶುಕ್ರನ ಬಳಿ ಹಾದುಹೋದ ಮ್ಯಾರಿನರ್-2 ನೌಕೆಯ ಮಾಹಿತಿಯಿಂದ ಸೌರಮಾರುತವನ್ನು ಅಭ್ಯಸಿಸಿದವರು. ಅವರ ನೇತೃತ್ವದಲ್ಲೇ ಪೀಣ್ಯದ ಷೆಡ್ಡುಗಳಲ್ಲಿ ಆರ್ಯಭಟ ಸಿದ್ಧವಾಗಿ 1975ರಲ್ಲಿ ಬಾನಿಗೇರಿತು. 2017ರಲ್ಲಿ ಕಣ್ಮುಚ್ಚುವ ಮುನ್ನ ಅವರು ಮಂಗಳಯಾನದ ಯಶಸ್ಸನ್ನೂ ಕಂಡರು.

ಆ ನೌಕೆಗೆ ಎಣಿಸಿದ್ದ ಆಯುಷ್ಯ ಆರು ತಿಂಗಳು. ಅದು ಮಾತು ನಿಲ್ಲಿಸಿದ್ದು 2022ರಲ್ಲಿ.