ಮೀನು ಮರಿಗೆ ‘ಎಂಜೈಮ್ ಪುಡಿ’ ಹಾಕಿದ್ರೆ ಬೇಗ ಬೆಳೀತದಾ? ದುಡ್ಡು ಕೊಡುವ ಮೊದಲು ಇದನ್ನು ಓದಿ

ಪುತ್ತೂರು: ಅಡಿಕೆ ತೋಟಕ್ಕೆ ನೀರು ಬಿಡಲು ತೆಗೆದ ಕೆರೆ, ಟರ್ಪಾಲ್ ಹಾಸಿದ ಹೊಂಡಗಳಲ್ಲಿ ಮೀನು ಸಾಕುವವರು ಪುತ್ತೂರು, ಸುಳ್ಯ, ಕಡಬ ಭಾಗದಲ್ಲಿ ಇದ್ದಾರೆ. ಮಳೆ ಹಿಡಿದ ಮೇಲೆ ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿಗಳನ್ನು ತಂದು ಬಿಡುತ್ತಾರೆ. ಮೇವು ಅಂದ್ರೆ ಹೆಚ್ಚಿನವರದ್ದು ತೌಡು ಮತ್ತು ನೆಲಗಡಲೆ ಹಿಂಡಿ. ಇದರ ಜೊತೆಗೆ ಹಾಕಲು ಈಗ ಎಂಜೈಮ್ ಪುಡಿಯೂ ಮಾರಾಟಕ್ಕೆ ಉಂಟು. ಅದರಿಂದ ನಿಜಕ್ಕೂ ಪ್ರಯೋಜನ ಇದೆಯಾ?

ಎಂಜೈಮ್ ಅಂದ್ರೆ ಏನು?

ತಿಂದ ಆಹಾರವನ್ನು ಸಣ್ಣ ಸಣ್ಣದಾಗಿ ಒಡೆಯುವ ವಸ್ತು, ಅಷ್ಟೇ. ಅನ್ನವನ್ನು ತುಂಬಾ ಹೊತ್ತು ಅಗಿದರೆ ಸಿಹಿಯಾಗುವುದು ಜೊಲ್ಲಿನಲ್ಲಿರುವ ಎಂಜೈಮ್‌ನಿಂದ. ಮಾಂಸ ಬೇಗ ಮೆತ್ತಗಾಗಲಿ ಎಂದು ಹಸಿ ಪಪ್ಪಾಯಿ ಹಚ್ಚುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದೂ ಎಂಜೈಮೇ. ಪಿಷ್ಟ ಒಡೆಯಲು ಅಮೈಲೇಸ್, ಪ್ರೊಟೀನ್ ಒಡೆಯಲು ಪ್ರೊಟಿಯೇಸ್, ನಾರು ಸಡಿಲಿಸಲು ಸೆಲ್ಯುಲೇಸ್, ಹೀಗೆ ಒಂದೊಂದಕ್ಕೆ ಒಂದೊಂದು ಕೆಲಸ.

ಮರಿಗಳಿಗೆ ಕಷ್ಟ ಎಲ್ಲಿ?

ನಾವು ಸಾಕುವ ಗೆಂಡೆ ಜಾತಿಯ ಮೀನುಗಳಿಗೆ ನಮ್ಮಂತೆ ಆಮ್ಲ ಸುರಿಸುವ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಅದರಲ್ಲೂ ಎಳೆ ಮರಿಯ ಜೀರ್ಣಾಂಗ ಪೂರ್ತಿ ಬೆಳೆದಿರುವುದಿಲ್ಲ. ಕೆರೆಯಲ್ಲಿ ತಾನಾಗಿ ಹುಟ್ಟುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಅದಕ್ಕೆ ಒಳ್ಳೆಯ ಆಹಾರ. ಮಣ್ಣಿನ ಕೆರೆಗೆ ಮರಿ ಬಿಡುವ ಮೊದಲು ಸುಣ್ಣ, ಸೆಗಣಿ ಹಾಕಿ ಅಂತ ಹೇಳುವುದು ಇದಕ್ಕೇ. ನಮ್ಮ ಮುರಕಲ್ಲಿನ ಮಣ್ಣು ಹುಳಿ ಮಣ್ಣಾದ್ದರಿಂದ ಇಲ್ಲಿ ಸುಣ್ಣ ಇನ್ನೂ ಮುಖ್ಯ. ಟರ್ಪಾಲ್ ಹೊಂಡದಲ್ಲಿ ಈ ಜೀವಿಗಳು ಕಡಿಮೆ, ಮರಿ ಬದುಕುವುದು ಹೆಚ್ಚಾಗಿ ನಾವು ಹಾಕುವ ಮೇವಿನ ಮೇಲೆಯೇ.

ತೌಡಿನಲ್ಲಿ ಇನ್ನೊಂದು ತೊಡಕು ಉಂಟು. ಕಾಳು, ತೌಡುಗಳಲ್ಲಿರುವ ರಂಜಕದ ಮೂರರಲ್ಲಿ ಎರಡು ಪಾಲಿನಷ್ಟು ‘ಫೈಟೇಟ್’ ಎಂಬ ರೂಪದಲ್ಲಿ ಕಟ್ಟಿಹಾಕಿದಂತೆ ಇರುತ್ತದೆ. ಮೀನಿನ ಕರುಳಿಗೆ ಅದನ್ನು ಬಿಚ್ಚಲು ಬರುವುದಿಲ್ಲ. ಜೊತೆಗೆ ಸತು, ಸುಣ್ಣದ ಅಂಶವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂಳೆ ಬೆಳೆಯಬೇಕಾದ ವಯಸ್ಸಿನಲ್ಲಿ ಮರಿಗೆ ಸಿಗಬೇಕಾದ್ದು ಸಿಗದೆ ಹಿಕ್ಕೆಯಲ್ಲಿ ನೀರಿಗೆ ಹೋಗುತ್ತದೆ. ಅದು ನೀರಿನಲ್ಲಿ ಪಾಚಿಗೆ ಗೊಬ್ಬರ. ನೀರು ದಟ್ಟ ಹಸಿರಾಗಿ, ಬೆಳಗಿನ ಜಾವ ಆಮ್ಲಜನಕ ಕಡಿಮೆಯಾಗಿ, ಮೀನುಗಳು ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದೂ ಒಂದು ಕಾರಣ.

ಫೈಟೇಸ್ ಬಂದದ್ದು ಹೀಗೆ

ಈ ಕಟ್ಟು ಬಿಚ್ಚುವ ಎಂಜೈಮ್ ಹೆಸರು ಫೈಟೇಸ್. ಹಂದಿ, ಕೋಳಿ ಮೇವಿಗಾಗಿ 1991ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರುಕಟ್ಟೆಗೆ ಬಂತು, ಆಮೇಲೆ ಮೀನಿನ ಮೇವಿಗೂ. ಆದರೆ ಹೆಚ್ಚಿನ ಫೈಟೇಸ್ ಚೆನ್ನಾಗಿ ಕೆಲಸ ಮಾಡುವುದು ಹುಳಿ ಇರುವಲ್ಲಿ, ಗೆಂಡೆ ಮೀನಿಗೋ ಜಠರವೇ ಇಲ್ಲ. ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯವರು ರೋಹು ಮರಿಗಳಿಗೆ ಫೈಟೇಸ್ ಜೊತೆ ಸಿಟ್ರಿಕ್ ಆಮ್ಲವನ್ನೂ ಮೇವಿಗೆ ಬೆರೆಸಿ ನೋಡಿದ್ದಾರೆ. ಎರಡೂ ಸೇರಿದಾಗ ಖನಿಜಾಂಶ ಮೈಗೆ ಹತ್ತುವುದು ಹೆಚ್ಚಾಯಿತು. ಅಂದ್ರೆ ಸಂಗತಿ ಸುಳ್ಳಲ್ಲ, ಆದರೆ ಯಾವ ಪುಡಿಯನ್ನಾದರೂ ಹೇಗಾದರೂ ಹಾಕಿದರೆ ಆಗುವುದಿಲ್ಲ.

ಎಲ್ಲಿ ತಪ್ಪುತ್ತದೆ?

ಮೊದಲನೆಯದ್ದು ಬಿಸಿ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದಾ? ಹಾಗೆಯೇ ಬಿಸಿ ನೀರಲ್ಲಿ ಕಲಸಿದ ಅಥವಾ ಬೇಯಿಸುತ್ತಿರುವ ಮೇವಿಗೆ ಎಂಜೈಮ್ ಹಾಕಿದರೆ ಅದು ಸತ್ತಂತೆಯೇ. ಮೇವು ಪೂರ್ತಿ ತಣಿದ ಮೇಲೆ, ಪುಡಿಯನ್ನು ಸ್ವಲ್ಪ ತಣ್ಣೀರಿನಲ್ಲಿ ಕರಗಿಸಿ ಚಿಮುಕಿಸಬೇಕು. ಮೇಲಿಂದ ತುಸು ಎಣ್ಣೆ ಸವರಿ ನೆರಳಲ್ಲಿ ಆರಿಸಿದರೆ ನೀರಿಗೆ ಬಿದ್ದ ಕೂಡಲೇ ತೊಳೆದು ಹೋಗುವುದಿಲ್ಲ. ಸಿಟ್ಟೌಟಿನ ಬಿಸಿಲಿಗೆ ಪ್ಯಾಕೆಟ್ ಇಡಬಾರದು, ಅಂಗಡಿಯಲ್ಲೂ ಅಷ್ಟೇ.

ಎರಡನೆಯದ್ದು ಸೋಯಾ. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಉಂಟು, ಅದು ಹೋಗುವುದು ಬೇಯಿಸಿದರೆ ಮಾತ್ರ. ಎಂಜೈಮ್ ಹಾಕಿದ್ದೇವೆ ಅಂತ ಬೇಯಿಸುವುದನ್ನು ಬಿಡುವ ಹಾಗಿಲ್ಲ.

ಮೂರನೆಯದ್ದು ಲೆಕ್ಕ. 10 ಗ್ರಾಂ ತೂಗುವ 1000 ಮರಿ ಇದ್ದರೆ ಒಟ್ಟು ತೂಕ 10 ಕಿಲೋ. ಅದರ ಶೇ. 5ರಂತೆ ದಿನಕ್ಕೆ ಅರ್ಧ ಕಿಲೋ ಮೇವು. ಅಷ್ಟಕ್ಕೆ ಬೇಕಾಗುವ ಎಂಜೈಮ್ ತೀರಾ ಕಡಿಮೆ. ಕೈ ಅಂದಾಜಿನಲ್ಲಿ ಸುರಿದರೆ ದುಡ್ಡು ಕೆರೆಗೆ ಹಾಕಿದಂತೆ.

ಅಂಗಡಿಯವರೂ ಗಿರಾಕಿಗಳೂ ನೋಡಬೇಕಾದ್ದು

‘ಮೀನು ಬೆಳವಣಿಗೆಗೆ’ ಅಂತ ಮಾತ್ರ ಬರೆದ ಪ್ಯಾಕೆಟ್ ಸಾಲದು. ಯಾವ ಎಂಜೈಮ್, ಗ್ರಾಮಿಗೆ ಎಷ್ಟು ಯೂನಿಟ್, ಕಿಲೋ ಮೇವಿಗೆ ಎಷ್ಟು ಹಾಕಬೇಕು, ಅವಧಿ ಯಾವಾಗ ಮುಗಿಯುತ್ತದೆ, ಇಷ್ಟು ಇರಲೇಬೇಕು. ಫೈಟೇಸ್ ಆದರೆ ಶಕ್ತಿಯನ್ನು ‘ಎಫ್‌ಟಿಯು’ ಲೆಕ್ಕದಲ್ಲಿ ಬರೆದಿರುತ್ತಾರೆ. ಕಂಪೆನಿಯ ತೇಲುವ ಮೇವು ಕೊಡುವವರು ಅದರಲ್ಲಿ ಮೊದಲೇ ಎಂಜೈಮ್ ಸೇರಿದೆಯಾ ಎಂದು ಚೀಲ ನೋಡಿಕೊಳ್ಳಲಿ. ಇದ್ದರೆ ಮತ್ತೆ ಹಾಕುವ ಅಗತ್ಯ ಇಲ್ಲ.

ಎರಡು ಹೊಂಡ ಇದ್ದವರಿಗೆ ಪರೀಕ್ಷೆ ಸುಲಭ. ಒಂದಕ್ಕೆ ಎಂಜೈಮ್ ಹಾಕಿದ ಮೇವು, ಇನ್ನೊಂದಕ್ಕೆ ಹಾಕದ್ದು. ಮರಿ ಸಂಖ್ಯೆ, ಮೇವು ಎರಡಕ್ಕೂ ಒಂದೇ ಇರಲಿ. 15 ದಿನಕ್ಕೊಮ್ಮೆ 20 ಮರಿ ಹಿಡಿದು ತೂಗಿ ಬರೆದಿಡಿ. ಎರಡು ತಿಂಗಳಲ್ಲಿ ತಕ್ಕಡಿಯೇ ಉತ್ತರ ಹೇಳುತ್ತದೆ.

ಮರಿ ಸಾಯುತ್ತಿದ್ದರೆ ಮಾತ್ರ ಎಂಜೈಮ್ ಹಿಂದೆ ಹೋಗಬೇಡಿ. ಎಂಜೈಮ್ ಔಷಧಿ ಅಲ್ಲ. ಹುಳಿ ನೀರು, ಆಮ್ಲಜನಕದ ಕೊರತೆ, ಕಿಕ್ಕಿರಿದು ಬಿಟ್ಟ ಮರಿ, ಇವನ್ನು ಮೊದಲು ನೋಡಬೇಕು. ತಾಲೂಕಿನ ಮೀನುಗಾರಿಕಾ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು. 1969ರಲ್ಲಿ ಶುರುವಾದ ಮೀನುಗಾರಿಕಾ ಮಹಾವಿದ್ಯಾಲಯವೂ ಮಂಗಳೂರಿನಲ್ಲೇ ಉಂಟು. ಹೋಗುವಾಗ ಒಂದು ಬಾಟಲಿ ಕೆರೆ ನೀರು ಮತ್ತು ಮೇವಿನ ಚೀಲದ ಲೇಬಲ್ ಹಿಡಿದುಕೊಂಡು ಹೋದರೆ ಅವರಿಗೂ ಹೇಳಲು ಸುಲಭ.