ಮಸ್ಕಿ ಗುಡ್ಡ: ಏರಿದವರೆಲ್ಲ ನೋಡಿ ಬರಬೇಕಾದ ಬಂಡೆ

ಸಿಂಧನೂರು ಬಿಟ್ಟು ಲಿಂಗಸುಗೂರಿನ ಹೆದ್ದಾರಿ ಹಿಡಿದರೆ ಮೊದಮೊದಲು ಎರಡೂ ಬದಿಗೆ ಭತ್ತದ ಗದ್ದೆಗಳೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟಿದ ನೆಲ ಅದು. ಮಸ್ಕಿ ಹತ್ತಿರವಾದಂತೆ ಹಸಿರು ತೆಳ್ಳಗಾಗಿ ತೊಗರಿ, ಹತ್ತಿಯ ಎರೆಹೊಲಗಳು ಕಾಣತೊಡಗುತ್ತವೆ. ಆ ಬಯಲಿನಲ್ಲಿ ದುಂಡು ಬಂಡೆಗಳನ್ನು ಮೈತುಂಬ ಹೊತ್ತ ಗುಡ್ಡವೊಂದು ಏಳುತ್ತದೆ. ಅದರ ಮಗ್ಗುಲಿಗೇ ಮಸ್ಕಿ ಊರು.

ಊರಿನವರಿಗೆ ಇದು ಮಲ್ಲಿಕಾರ್ಜುನನ ಗುಡ್ಡ. ಕೆಳಗೆ ಊರಿನಲ್ಲಿ ಭ್ರಮರಾಂಬೆ, ಮೇಲೆ ಮಲ್ಲಯ್ಯ. ಈ ಜೋಡಿಯಿಂದಾಗಿಯೇ ಮಸ್ಕಿಯನ್ನು ಎರಡನೇ ಶ್ರೀಶೈಲವೆಂದು ಕರೆಯುವ ರೂಢಿ. ಶ್ರಾವಣದಲ್ಲಿ ಇಲ್ಲಿ ಜನ ಹೆಚ್ಚು. ನಾವು ಹೋದಾಗ ದಸರೆಯೂ ಮುಗಿದಿದ್ದರಿಂದ ಮೆಟ್ಟಿಲುಗಳು ಬಹುತೇಕ ಖಾಲಿ ಇದ್ದವು. ನಸುಕಿನಲ್ಲೇ ಹತ್ತಲು ಶುರು ಮಾಡಿದ್ದು ಒಳ್ಳೆಯದೇ ಆಯಿತು. ರಾಯಚೂರು ಜಿಲ್ಲೆಯ ಬಿಸಿಲು ಬಂಡೆಗೆ ಬಿದ್ದ ಮೇಲೆ ಅಲ್ಲಿ ನಿಲ್ಲುವುದೇ ಕಷ್ಟ.

ಇದು ಏದುಸಿರು ಬಿಡಿಸುವ ಎತ್ತರವೇನಲ್ಲ. ಮಕ್ಕಳು, ಮುದುಕರು ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಹತ್ತಬಹುದು. ಗುಡಿಗೆ ಕೈಮುಗಿದು ಬಂಡೆಗಳ ಮೇಲೆ ನಿಂತರೆ ಕೆಳಗೆ ಮಸ್ಕಿಯ ಮನೆಗಳು, ಅದರಾಚೆ ಹಳ್ಳ, ಕೊನೆಯಿಲ್ಲದ ಬಯಲು. ಆಗ್ನೇಯಕ್ಕೆ ಸಿಂಧನೂರು, ವಾಯವ್ಯಕ್ಕೆ ಲಿಂಗಸುಗೂರು. ಒಂದು ಕಡೆ ಕಾಲುವೆ ತುಂಬಿ ಹರಿಯುತ್ತದೆ, ಇನ್ನೊಂದು ಕಡೆ ನೀರಿಗಾಗಿ ರೈತರು ರಸ್ತೆ ಬದಿಯಲ್ಲಿ ಕೂರಬೇಕಾಗುತ್ತದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ನಡೆದ ಧರಣಿ ಈ ಭಾಗದವರ ಮಾತಿನಲ್ಲಿ ಇನ್ನೂ ಹಸಿಯಾಗಿದೆ. 2021ರ ಮಸ್ಕಿ ಉಪಚುನಾವಣೆಯಲ್ಲೂ ಅದೇ ಮಾತು ಓಡಾಡಿತ್ತು.

ಗುಡಿಗೆ ಬಂದವರಲ್ಲಿ ಹೆಚ್ಚಿನವರು ಬಂದ ದಾರಿಯಲ್ಲೇ ಇಳಿದು ಹೋಗುತ್ತಾರೆ. ಗುಡ್ಡದ ಇಳಿಜಾರಿನ ಇನ್ನೊಂದು ಕಡೆ, ಬಂಡೆಗಳೇ ಚಾವಣಿಯಾದ ಗವಿಯಂಥ ಜಾಗದಲ್ಲಿ, ಈ ಊರನ್ನು ದೇಶದ ಇತಿಹಾಸದೊಳಗೆ ತಂದ ಕಲ್ಲಿದೆ. ಎಂಟು ಸಾಲಿನ ಅಶೋಕನ ಶಾಸನ ಅದು. ಅಲ್ಲಲ್ಲಿ ಅಕ್ಷರ ಮಾಸಿವೆ. ಬಗ್ಗಿ ನೋಡಿದರೂ ಮೊದಲಿಗೆ ಏನೂ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಬ್ರಾಹ್ಮಿಯ ಗೆರೆಗಳು ಒಂದೊಂದಾಗಿ ಏಳುತ್ತವೆ.

ಇತಿಹಾಸವನ್ನು ಚಿಕ್ಕದಾಗಿ ಹೇಳುವುದಾದರೆ ಹೀಗೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ. ಆದರೆ ಆಗ ಓದಿದ ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆ ಅರಸ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಊಹಿಸಿದ್ದರು. 1915ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಈ ಬಂಡೆಯ ಬರಹವನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದಾಗ ಬಿರುದಿನ ಜೊತೆಗೇ ಅಶೋಕನ ಹೆಸರು ಸಿಕ್ಕಿತು. ಆಮೇಲೆ ಮಧ್ಯಪ್ರದೇಶದ ಗುಜರ‍್ರಾ, ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ದೊರೆಯಿತು. ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ಮಾಡಿ, ತಾಮ್ರಶಿಲಾಯುಗದಿಂದ ಮಧ್ಯಕಾಲದವರೆಗೆ ಈ ಗುಡ್ಡದ ಬುಡದಲ್ಲಿ ಜನ ಬಾಳಿದ್ದರೆಂದು ತೋರಿಸಿದರು.

ಶಾಸನದ ಹತ್ತಿರ ನಮಗೆ ಸಿಕ್ಕವರು ಕಲ್ಲು ಕೆಲಸದ ಹಿರಿಯರೊಬ್ಬರು. ಒಳ್ಳು, ರುಬ್ಬುಗುಂಡು ಕಡಿದು, ಸವೆದ ಬೀಸುಕಲ್ಲಿಗೆ ಚಾಣದಿಂದ ಮತ್ತೆ ಹಲ್ಲು ಮೂಡಿಸಿ ಬದುಕಿದವರು. "ಈಗ ಯಾರು ಬೀಸ್ತಾರ‍್ರಿ ಸರ? ಗಿರಣಿ ಬಂತು, ಮಿಕ್ಸಿ ಬಂತು. ಮದುವಿಗೆ ಅರಿಷಿಣ ಕುಟ್ಟಾಕ ಒಂದು ಒಳ್ಳು ಬೇಕಂತ ಕೇಳ್ತಾರ, ಅದೂ ವರ್ಷಕ್ಕೊಮ್ಮೆ" ಎಂದರು. ಮಕ್ಕಳು ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ. ಚಾಣ, ಸುತ್ತಿಗೆ ಇನ್ನೂ ಮನೆಯಲ್ಲಿವೆ, ಹಿಡಿಯುವ ಕೈ ಇವರದೊಂದೇ.

ಅಕ್ಷರ ಬಾರದಿದ್ದರೂ ಶಾಸನವನ್ನು ಅವರು ಓದಿದ ರೀತಿ ಬೇರೆ ಯಾರಿಂದಲೂ ಕೇಳಿರಲಿಲ್ಲ. "ಇದು ಬಿರುಸು ಕಲ್ಲರಿ. ಚಾಣ ಜಾರ್ತದ. ಅದಕ್ಕ ಸಾಲು ನೆಟ್ಟಗ ಹೋಗಿಲ್ಲ, ಕಲ್ಲಿನ ಉಬ್ಬು ನೋಡಿ ನೋಡಿ ಹೊಡದಾನ. ಕಲ್ಲು ಗೊತ್ತಿದ್ದವನ ಕೈ ಅದು" ಎಂದು ಗೆರೆಗಳ ಜಾಡಿನಲ್ಲೇ ಗಾಳಿಯಲ್ಲಿ ಬೆರಳಾಡಿಸಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಗೆ ಅದನ್ನು ಬರೆದ ಚಪಡನ ಹೆಸರಿದೆ. ಮಸ್ಕಿಯಲ್ಲಿ ಅರಸನ ಹೆಸರು ಉಳಿದಿದೆ, ಕೆತ್ತಿದವನದಿಲ್ಲ. ಅವನ ಕಸುಬಿನ ಗುರುತು ಹಿಡಿದದ್ದು ಅದೇ ಕಸುಬಿನ ಕಣ್ಣು.

"ಏನು ಬರದಾರ‍್ರಿ ಇದ್ರಾಗ?" ಎಂದು ಅವರೇ ಕೇಳಿದರು. ಹುಟ್ಟಿದಾಗಿನಿಂದ ಈ ಗುಡ್ಡದ ನೆರಳಲ್ಲಿ ಬೆಳೆದವರು. ಅರಸ ಹೆಸರಾಂತವನು, ಶಾಸನ ಬೆಲೆಬಾಳುವುದು ಎಂದು ಎಲ್ಲರೂ ಹೇಳಿದ್ದರಂತೆ. ಒಳಗಿನ ಮಾತನ್ನು ಒಬ್ಬರೂ ತಿಳಿಸಿರಲಿಲ್ಲ. ಗೊತ್ತಿದ್ದಷ್ಟು ಹೇಳಿದೆವು: ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ತಾನು ಬುದ್ಧನ ಅನುಯಾಯಿ ಎನ್ನುತ್ತಾನೆ ಅಶೋಕ. ಧರ್ಮದಲ್ಲಿ ನಿಂತರೆ ಕೆಳಗಿನವನಿಗೂ ದೊಡ್ಡ ಫಲ ಸಿಗುತ್ತದೆ, ಅದು ದೊಡ್ಡವರ ಸೊತ್ತಲ್ಲ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿರಿ ಎನ್ನುತ್ತಾನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಣ್ಣಾವ್ರಿಗೂ ಹೇಳ್ರಿ ಅಂದಾನ. ನಮಗ ಈಗ ಮುಟ್ಟಿತು ನೋಡ್ರಿ" ಎಂದರು.

ಅವರ ಮಾತು ಮನಸ್ಸಿಗೆ ನಾಟಿತು. ಎಲ್ಲರಿಗೂ ತಿಳಿಸಿ ಎಂದು ಕಲ್ಲಿನಲ್ಲೇ ಬರೆದಿರುವಾಗ ಅದರ ಕಾವಲಿಗೆ ಸರಳು, ಬೀಗ ಇದ್ದರಷ್ಟೇ ಸಾಲದು. ಊರಿನ ಕಾಲೇಜು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಗುಡಿಗೆ ಬಂದವರನ್ನು ಇಲ್ಲಿಗೂ ಕರೆತಂದು ಎಂಟು ಸಾಲಿನ ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳಿಸಬಹುದು. ಸುತ್ತಲ ಬಂಡೆಗಳ ಮೇಲೆ ಹೆಸರು ಗೀಚುವ ಚಟಕ್ಕೂ ಅದೇ ಮದ್ದು. ಯಾವ ಕಲ್ಲಿನ ಪಕ್ಕ ಗೀಚುತ್ತಿದ್ದೇವೆಂದು ತಿಳಿದವರ ಕೈ ತಡೆಯುತ್ತದೆ.

ಹೋಗುವವರು ಗಮನಿಸಬೇಕಾದದ್ದು: ಸಿಂಧನೂರು, ಲಿಂಗಸುಗೂರುಗಳ ಹೆಚ್ಚುಕಡಿಮೆ ನಡುವೆ ಮಸ್ಕಿ ಇದೆ, ಎರಡೂ ಕಡೆಯಿಂದ ಬಸ್ಸುಗಳಿವೆ. ಚಳಿಗಾಲದ ಬೆಳಗು ಹತ್ತಲು ಒಳ್ಳೆಯ ಹೊತ್ತು. ನೀರು, ಬುತ್ತಿ ಜೊತೆಗಿರಲಿ. ವಾಹನವಿದ್ದರೆ ಇಳಿದ ಮೇಲೆ ಲಿಂಗಸುಗೂರು ಕಡೆ ಹೋಗಿ ಮುದಗಲ್ಲಿನ ಕೋಟೆಯನ್ನೂ ನೋಡಬಹುದು. ಆದರೆ ಗುಡಿಯಿಂದ ನೇರ ಕೆಳಗಿಳಿಯಬೇಡಿ. ಊರಿನವರನ್ನು ಕೇಳಿಕೊಂಡು ಶಾಸನದ ಬಳಿಗೂ ಹೋಗಿ. ಮಕ್ಕಳು ಜೊತೆಗಿದ್ದರೆ ಅದರಲ್ಲಿ ಏನಿದೆಯೆಂದು ಅಲ್ಲೇ ನಿಂತು ಹೇಳಿ.